ಕೋಳಿಯ ಸೀನು ನಿಂತಿತು, ರೋಗ ಹೋಯಿತೇ?

[ಧ್ವನಿ: ರಾತ್ರಿ, ಕೋಳಿಗೂಡಿನ ಒಳಗೆ. ರೆಕ್ಕೆ ಅಲುಗಿದ ಸದ್ದು. ಆಮೇಲೆ ಸಣ್ಣದೊಂದು ‘ಪ್ಚಿ’. ಅದರ ಹಿಂದೆಯೇ ಗೊರಗೊರ.]

 

ಈಗ ಕೇಳಿದಿರಲ್ಲ, ಆ ‘ಪ್ಚಿ’ ಅನ್ನೋ ಸದ್ದು, ಅದು ಕೋಳಿ ಸೀನಿದ್ದು. ಕೋಳಿಯೂ ಸೀನುತ್ತಾ? ಸೀನುತ್ತೆ. ಮೂಗಿಗೆ ದೂಳು ಹೋದರೆ ಒಂದು ಸಲ ಸೀನಿ ಸುಮ್ಮನಾಗುತ್ತೆ. ಆದರೆ ಕತ್ತಲಾಗಿ ಕೋಳಿಗಳೆಲ್ಲ ಅಟ್ಟ ಹತ್ತಿ ಕೂತು, ಗೂಡು ಸದ್ದಡಗಿದ ಮೇಲೆ, ಮೂರು ನಾಲ್ಕು ಕಡೆಯಿಂದ ಇದೇ ಸದ್ದು ಬರ್ತಾ ಇದ್ದರೆ ಅದು ದೂಳಲ್ಲ. ಕೋಳಿ ಸಾಕಿ ಅನುಭವ ಇರೋರು ರಾತ್ರಿ ಮಲಗೋ ಮುಂಚೆ ಗೂಡಿನ ಹತ್ತಿರ ಐದು ನಿಮಿಷ ಸುಮ್ಮನೆ ನಿಂತು ಕೇಳುತ್ತಾರೆ. ಹಗಲಿನ ಗಲಾಟೆಯಲ್ಲಿ ಕೇಳದ ಕಾಯಿಲೆ ಆಗ ಕೇಳಿಸುತ್ತೆ.

ಈ ಧ್ವನಿಮುದ್ರಣ ಕಳಿಸಿದವರು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿರುವ ನಮ್ಮ ಕೇಳುಗರೊಬ್ಬರು. ತುಮಕೂರು ಜಿಲ್ಲೆಯವರು. ಮನೆ ಹಿಂದೆ ಒಂದೂವರೆ ಎಕರೆ ಜಾಗ. ಆರು ವರ್ಷದಿಂದ ಕೋಳಿ ಸಾಕ್ತಾ ಇದ್ದಾರೆ: ಇಪ್ಪತ್ತಾರು ಹೇಂಟೆ, ನಾಲ್ಕು ಹುಂಜ, ಎಲ್ಲವೂ ಮರಾನ್ಸ್ ತಳಿ. ಫ್ರಾನ್ಸಿನ ಪಶ್ಚಿಮ ಕರಾವಳಿಯ ಮರಾನ್ಸ್ ಅನ್ನೋ ಊರಿನಿಂದ ಬಂದ ತಳಿ ಇದು. ಇದರ ಮೊಟ್ಟೆ ಕಡು ಕಂದು, ಹೆಚ್ಚುಕಡಿಮೆ ಚಾಕೊಲೇಟ್ ಬಣ್ಣ. ಆ ಬಣ್ಣ ಸುಮ್ಮನೆ ಉಳಿಯಲ್ಲ. ಪ್ರತಿ ತಲೆಮಾರಿನಲ್ಲೂ ಗಾಢ ಬಣ್ಣದ ಮೊಟ್ಟೆಯಿಂದ ಬಂದ ಮರಿಗಳನ್ನೇ ಆರಿಸಿ ಮುಂದುವರಿಸಬೇಕು. ಇವರು ನಾಲ್ಕು ತಲೆಮಾರು ಹಾಗೆ ಆರಿಸಿದ್ದಾರೆ. ವಸಂತ ಬಂದರೆ ಮರಿ ಮಾಡಿಸುವ ಮೊಟ್ಟೆಗಳನ್ನು ಬೇರೆ ಬೇರೆ ಊರಿನವರಿಗೆ ಅಂಚೆಯಲ್ಲಿ ಕಳಿಸುತ್ತಾರೆ.

ಹೋದ ಶರತ್ಕಾಲದಲ್ಲಿ ಒಂದು ಕೋಳಿ ಸಂತೆಯಿಂದ ಎರಡು ಎಳೇ ಹೇಂಟೆ ತಂದರು. ಹೊಸ ರಕ್ತ ಬೇಕಿತ್ತು. ನೋಡೋಕೆ ಲಕ್ಷಣವಾಗಿದ್ದವು, ಮಾರಿದವರ ಹತ್ತಿರ ಸರ್ಟಿಫಿಕೇಟೂ ಇತ್ತು. ಅದೇ ಶೆಡ್ಡಿನ ಮೂಲೆಯಲ್ಲಿ ಮೂರು ದಿನ ಪಂಜರದಲ್ಲಿಟ್ಟು, ಆಮೇಲೆ ಗುಂಪಿಗೆ ಬಿಟ್ಟರು. ಹನ್ನೆರಡನೇ ದಿನ ಮೊದಲ ಸೀನು. ಮೂರು ವಾರದಲ್ಲಿ ಅರ್ಧ ಗುಂಪಿಗೆ ಕಣ್ಣಲ್ಲಿ ನೊರೆ, ಮೂಗಲ್ಲಿ ನೀರು, ಉಸಿರಲ್ಲಿ ಗೊರಗೊರ. ಮೊಟ್ಟೆ ಕಡಿಮೆಯಾಯಿತು. ಊರಿಂದ ಅತ್ತೆ ಫೋನಲ್ಲಿ, “ಬೆಳ್ಳುಳ್ಳಿ ಅರಿಶಿನ ಅರೆದು ನುಂಗ್ಸಮ್ಮ, ಸರಿಹೋಗ್ತವೆ” ಅಂದರು. ಅದೂ ಆಯಿತು. ಪರಿಚಯದವರೊಬ್ಬರ ಹತ್ತಿರ ಉಳಿದಿದ್ದ ಆ್ಯಂಟಿಬಯಾಟಿಕ್ ಪುಡಿ ತಂದು ನೀರಿಗೆ ಕಲಸಿದ್ದೂ ಆಯಿತು. ಒಂದು ಹೇಂಟೆ ಸತ್ತಿತು. ಉಳಿದವೆಲ್ಲ ಚೇತರಿಸಿಕೊಂಡವು. ಡಿಸೆಂಬರ್ ಹೊತ್ತಿಗೆ ಗೂಡು ಮತ್ತೆ ನಿಶ್ಶಬ್ದ.

ಫೆಬ್ರವರಿಯಲ್ಲಿ ಅವರು ನಮಗೆ ಬರೆದರು. ಹನ್ನೊಂದು ಜನ ಮೊಟ್ಟೆಗೆ ಮುಂಗಡ ಕೊಟ್ಟಿದ್ದಾರೆ. “ಈಗ ಎಲ್ಲಾ ಗುಣ ಆಗಿವೆ. ಮೊಟ್ಟೆ ಕಳಿಸಬಹುದು ಅಲ್ವಾ?”

ಇವತ್ತಿನ ಸಂಚಿಕೆ ಆ ಒಂದು ಪ್ರಶ್ನೆಗೆ ಉತ್ತರ.

ಕೋಳಿ ಉಸಿರಾಡುವ ಬಗೆ

ನಮ್ಮ ನೆಗಡಿಯನ್ನ ಮನಸ್ಸಲ್ಲಿಟ್ಟುಕೊಂಡು ಕೋಳಿಯ ನೆಗಡಿಯನ್ನ ನೋಡಿದರೆ ದಾರಿ ತಪ್ಪುತ್ತೇವೆ. ನಮ್ಮ ಶ್ವಾಸಕೋಶ ಬಲೂನಿನ ಹಾಗೆ ಹಿಗ್ಗುತ್ತೆ, ಕುಗ್ಗುತ್ತೆ. ಬಂದ ದಾರಿಯಲ್ಲೇ ಗಾಳಿ ವಾಪಸ್ ಹೋಗುತ್ತೆ. ಕೋಳಿಯ ಶ್ವಾಸಕೋಶ ಹಾಗಲ್ಲ. ಅದು ಪಕ್ಕೆಲುಬುಗಳ ನಡುವೆ ಕಚ್ಚಿಕೊಂಡು ಕೂತಿರುತ್ತೆ, ಹೆಚ್ಚು ಹಿಗ್ಗಲ್ಲ. ಗಾಳಿ ತುಂಬಿಕೊಳ್ಳೋದು ಗಾಳಿ ಚೀಲಗಳಲ್ಲಿ. ತೆಳ್ಳಗಿನ, ಪಾರದರ್ಶಕ ಪೊರೆಯ ಇಂಥ ಎಂಟೊಂಬತ್ತು ಚೀಲಗಳು ಕತ್ತಿನಿಂದ ಹೊಟ್ಟೆಯವರೆಗೆ ಹರಡಿವೆ. ರೆಕ್ಕೆಯ ಬುಡದ ಮೂಳೆಯೊಳಕ್ಕೂ ಒಂದು ಕವಲು ಹೋಗುತ್ತೆ.

ಒಂದು ಗುಟುಕು ಗಾಳಿಯ ಪ್ರಯಾಣ ನೋಡಿ. ಮೊದಲ ಸಲ ಉಸಿರೆಳೆದಾಗ ಅದು ಹೆಚ್ಚಾಗಿ ಹಿಂದಿನ ಚೀಲಗಳಿಗೆ ಹೋಗುತ್ತೆ. ಉಸಿರು ಬಿಟ್ಟಾಗ ಅಲ್ಲಿಂದ ಶ್ವಾಸಕೋಶಕ್ಕೆ. ಎರಡನೇ ಸಲ ಎಳೆದಾಗ ಶ್ವಾಸಕೋಶದಿಂದ ಮುಂದಿನ ಚೀಲಗಳಿಗೆ. ಮತ್ತೆ ಬಿಟ್ಟಾಗ ಹೊರಕ್ಕೆ. ಅಂದರೆ ಒಂದು ಗುಟುಕಿಗೆ ಎರಡು ಉಸಿರು. ಗಾಳಿ ಶ್ವಾಸಕೋಶದಲ್ಲಿ ಒಂದೇ ದಿಕ್ಕಿಗೆ ಹರಿಯೋದರಿಂದ ಆಮ್ಲಜನಕ ಚೆನ್ನಾಗಿ ಸಿಗುತ್ತೆ. ಹಾರುವ ಹಕ್ಕಿಗೆ ಇದು ವರ.

ಕಾಯಿಲೆ ಬಂದಾಗ ಇದೇ ತೊಂದರೆ. ಗಾಳಿ ಚೀಲದ ಪೊರೆಗೆ ರಕ್ತನಾಳಗಳು ತೀರ ಕಡಿಮೆ. ರಕ್ತ ಹೋಗದ ಕಡೆಗೆ ಬಿಳಿ ರಕ್ತಕಣಗಳೂ ಸುಲಭವಾಗಿ ತಲುಪಲ್ಲ, ಔಷಧಿಯೂ ತಲುಪಲ್ಲ. ಅಲ್ಲಿ ಕೂತ ಸೋಂಕು ಮೊಸರಿನ ಗಡ್ಡೆಯಂಥ ಕೀವಾಗಿ ಉಳಿದುಬಿಡಬಹುದು. ಇನ್ನೊಂದು ಮಾತು: ಹೊಟ್ಟೆಯ ಗಾಳಿ ಚೀಲದ ಪಕ್ಕದಲ್ಲೇ ಅಂಡಾಶಯ ಮತ್ತು ಮೊಟ್ಟೆಯ ನಾಳ ಇವೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಒಂದೇ ಸೀನು, ಹಲವು ಕಾಯಿಲೆ

ಸೀನು ಒಂದೇ, ಅದರ ಹಿಂದೆ ಇರಬಹುದಾದ ಕಾಯಿಲೆ ಹಲವು. ಮುಖ್ಯವಾದವನ್ನ ಬೇಗ ಹೇಳ್ತೀವಿ.

ಒಂದು, ಇನ್ಫೆಕ್ಷಿಯಸ್ ಬ್ರಾಂಕೈಟಿಸ್. ಇದು ಕೋಳಿಗಳ ಕೊರೊನಾ ವೈರಸ್. ಕೋವಿಡ್ ಬರೋಕೆ ಬಹಳ ಮುಂಚೆ, 1931ರಲ್ಲಿ, ಅಮೆರಿಕದ ನಾರ್ತ್ ಡಕೋಟಾದಿಂದ ಮೊದಲ ವರದಿ ಬಂತು. ಮನುಷ್ಯರಿಗೆ ಬರಲ್ಲ. ಆದರೆ ಗುಂಪಿನಲ್ಲಿ ಬೆಂಕಿಯ ಹಾಗೆ ಹರಡುತ್ತೆ, ಒಂದೆರಡು ದಿನದಲ್ಲೇ ಎಲ್ಲಾ ಕೋಳಿಗಳೂ ಸೀನ್ತಿರುತ್ತವೆ. ಮೊಟ್ಟೆಯ ಚಿಪ್ಪು ಸುಕ್ಕಾಗುತ್ತೆ, ಬಿಳಿ ಲೋಳೆ ನೀರಾಗುತ್ತೆ.

ಎರಡು, ಕೊರೈಜಾ. ಇದು ಬ್ಯಾಕ್ಟೀರಿಯಾದಿಂದ ಬರೋದು. ಒಂದರಿಂದ ಮೂರು ದಿನದಲ್ಲಿ ಮುಖ ಊದಿಕೊಳ್ಳುತ್ತೆ, ಮೂಗಿನ ನೀರಿಗೆ ಕೊಳೆತ ವಾಸನೆ. ಆ ವಾಸನೆ ಒಮ್ಮೆ ಗೊತ್ತಾದರೆ ಮರೆಯಲ್ಲ.

ಮೂರು, ಲ್ಯಾರಿಂಗೋಟ್ರೇಕಿಯೈಟಿಸ್, ಕೋಳಿಗಳ ಹರ್ಪೀಸ್ ವೈರಸ್. ಕೋಳಿ ಕತ್ತು ಮೇಲೆತ್ತಿ, ಬಾಯಿ ತೆರೆದು ಏದುಸಿರು ಬಿಡುತ್ತೆ. ಕೆಮ್ಮಿದಾಗ ಗೋಡೆ ಮೇಲೆ ರಕ್ತದ ಹನಿ ಕಾಣಬಹುದು.

ನಾಲ್ಕು, ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿರೋ ರಾಣಿಖೇತ್, ಹಳ್ಳಿ ಕಡೆ ಕೊಕ್ಕರೆ ರೋಗ ಅಂತಾರಲ್ಲ, ಅದು. 1926ರಲ್ಲಿ ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಕಂಡುಬಂತು, ಹಾಗಾಗಿ ಜಗತ್ತು ಅದನ್ನ ನ್ಯೂಕ್ಯಾಸಲ್ ರೋಗ ಅನ್ನುತ್ತೆ. ಕುಮಾವೂ ಬೆಟ್ಟಗಳ ರಾಣಿಖೇತ್‌ನಲ್ಲಿ ಕಂಡದ್ದರಿಂದ ನಮ್ಮ ದೇಶದಲ್ಲಿ ಆ ಹೆಸರು ನಿಂತಿತು. ಏದುಸಿರು, ಹಸಿರು ಹಿಕ್ಕೆ, ಕತ್ತು ತಿರುಚಿಕೊಳ್ಳೋದು, ಸಾಲಾಗಿ ಸಾಯೋದು. ಊರಲ್ಲಿ ಅಜ್ಜಿಯರು, “ಒಂದು ವಾರದಲ್ಲಿ ಗೂಡು ಖಾಲಿ ಆಯ್ತು” ಅಂತ ಹೇಳೋದು ಸಾಮಾನ್ಯವಾಗಿ ಇದನ್ನೇ. ಇದಕ್ಕೆ ಲಸಿಕೆ ಇದೆ. ಊರಲ್ಲಿ ನಾಟಿ ಕೋಳಿ ಸಾಕುವ ಮನೆಯವರಿದ್ದರೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳೋಕೆ ಹೇಳಿ. ಅಮೆರಿಕದಲ್ಲೂ ಇದು ಹಳೇ ಕಥೆ ಅಲ್ಲ. 2018ರಿಂದ 2020ರವರೆಗೆ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಹರಡಿತ್ತು, ಅದೂ ಹೆಚ್ಚಾಗಿ ಹಿತ್ತಲಲ್ಲಿ ಸಾಕಿದ ಕೋಳಿಗಳಲ್ಲಿ.

ಐದು, ಹಕ್ಕಿಜ್ವರ, ಎಚ್5ಎನ್1. 2022ರಿಂದ ಅಮೆರಿಕದಲ್ಲಿ ಇದರ ಹಾವಳಿ ನಿಮಗೆ ಸುದ್ದಿಯಲ್ಲಿ ಗೊತ್ತೇ ಇದೆ.

ಇಲ್ಲಿ ಒಂದು ಕಟ್ಟುನಿಟ್ಟಿನ ಮಾತು. ಒಂದೆರಡು ದಿನದಲ್ಲಿ ಹಲವು ಕೋಳಿ ಸತ್ತರೆ, ಜುಟ್ಟು ನೀಲಿಯಾದರೆ, ಕತ್ತು ತಿರುಚಿದರೆ, ಮನೆಮದ್ದು ಬೇಡ, ಕಾಯೋದೂ ಬೇಡ. ಸತ್ತ ಹಕ್ಕಿಯನ್ನ ಬರಿಗೈಲಿ ಮುಟ್ಟಬೇಡಿ. ನೀವಿರುವ ದೇಶದ ಪಶುವೈದ್ಯ ಅಧಿಕಾರಿಗಳಿಗೆ ಮೊದಲು ಫೋನ್ ಮಾಡಿ. ರಾಣಿಖೇತ್ ಮತ್ತು ಹಕ್ಕಿಜ್ವರ ಎರಡನ್ನೂ ವರದಿ ಮಾಡಲೇಬೇಕು ಅಂತ ಬಹುತೇಕ ದೇಶಗಳಲ್ಲಿ ಕಾನೂನಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿರೋ ಕೇಳುಗರಿಗೆ ಇನ್ನೊಂದು ವಿಷಯ: 2024ರ ಅಕ್ಟೋಬರ್ 1ರಿಂದ ಅಲ್ಲಿ ಒಂದೇ ಒಂದು ಕೋಳಿ ಸಾಕಿದರೂ ನೋಂದಣಿ ಮಾಡಿಸಬೇಕು.

ನಮ್ಮ ಕೇಳುಗರ ಗೂಡಲ್ಲಿ ಹಾಗಾಗಲಿಲ್ಲ. ಅಲ್ಲಿ ಕಾಯಿಲೆ ನಿಧಾನಕ್ಕೆ ಹರಡಿತು, ವಾರಗಟ್ಟಲೆ ಎಳೆಯಿತು, ಒಂದೇ ಕೋಳಿ ಸತ್ತಿತು. ಈ ನಿಧಾನವೇ ಆರನೇ ಹೆಸರಿನ ಕಡೆ ಕೈ ತೋರಿಸುತ್ತೆ: ಮೈಕೋಪ್ಲಾಸ್ಮಾ ಗ್ಯಾಲಿಸೆಪ್ಟಿಕಮ್. ಕೋಳಿ ಸಾಕುವವರು ಚಿಕ್ಕದಾಗಿ ಎಂಜಿ ಅಂತಾರೆ.

ಆದರೆ ಕೈ ತೋರಿಸೋದು ಬೇರೆ, ಖಚಿತವಾಗೋದು ಬೇರೆ. ಎರಡು ಕಾಯಿಲೆ ಒಟ್ಟಿಗೆ ಬರೋದೂ ಸಾಮಾನ್ಯ. ಹಾಗಾಗಿ ನಾವು ಅವರಿಗೆ ಮೊದಲು ಹೇಳಿದ್ದು ಇಷ್ಟೇ: “ಮೇಡಂ, ಮೊಟ್ಟೆ ಕಳಿಸಬೇಡಿ. ಮೊದಲು ಪರೀಕ್ಷೆ ಮಾಡಿಸಿ.”

ಪರೀಕ್ಷೆ

ಅಮೆರಿಕದಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಪ್ರಾಣಿಗಳ ರೋಗಪತ್ತೆ ಪ್ರಯೋಗಾಲಯ ಇದೆ, ಹಿತ್ತಲ ಕೋಳಿಗಳನ್ನೂ ಪರೀಕ್ಷಿಸುತ್ತಾರೆ. ಎಂಜಿಗೆ ಎರಡು ದಾರಿ. ಒಂದು, ಕೋಳಿಯ ಬಾಯಿ ತೆರೆದರೆ ಅಂಗಳದಲ್ಲಿ ಉದ್ದಕ್ಕೆ ಒಂದು ಸೀಳು ಕಾಣುತ್ತೆ; ಅಲ್ಲಿ ಅಥವಾ ಶ್ವಾಸನಾಳದಲ್ಲಿ ಸ್ವಾಬ್ ಆಡಿಸಿ ಪಿಸಿಆರ್ ಮಾಡ್ತಾರೆ. ಕೋವಿಡ್ ಕಾಲದಲ್ಲಿ ನಮ್ಮ ಮೂಗಿಗೆ ಮಾಡಿದ ಹಾಗೇ. ರೋಗಾಣು ಈಗ ಅಲ್ಲಿದೆಯಾ ಅನ್ನೋದಕ್ಕೆ ಇದು ಉತ್ತರ. ಇನ್ನೊಂದು, ರಕ್ತ ತೆಗೆದು ಪ್ರತಿಕಾಯ ಹುಡುಕೋದು. ಈ ಕೋಳಿಗೆ ಎಂದಾದರೂ ಸೋಂಕು ತಗುಲಿತ್ತಾ ಅನ್ನೋದು ಅದರಲ್ಲಿ ಗೊತ್ತಾಗುತ್ತೆ. ಸೋಂಕು ತಗುಲಿದ ಮೊದಲ ದಿನಗಳಲ್ಲಿ ಪ್ರತಿಕಾಯ ಇನ್ನೂ ಹುಟ್ಟಿರಲ್ಲ, ಆಗ ರಕ್ತಪರೀಕ್ಷೆ ಮೋಸ ಮಾಡಬಹುದು. ಆ್ಯಂಟಿಬಯಾಟಿಕ್ ಕೊಟ್ಟ ಬೆನ್ನಲ್ಲೇ ಪಿಸಿಆರ್ ಮೋಸ ಮಾಡಬಹುದು. ಹಾಗಾಗಿ ಔಷಧಿಗೆ ಮುಂಚೆ ಸ್ವಾಬ್ ತೆಗೆಸೋದು ಸರಿಯಾದ ಕ್ರಮ.

ಕೋಳಿ ಸತ್ತಿದ್ದರೆ ಅದನ್ನ ಎಸೆಯಬೇಡಿ. ಗ್ಲೌಸ್ ಹಾಕಿಕೊಂಡು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸ್ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಫೋನ್ ಮಾಡಿ. ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ. ಹೆಪ್ಪುಗಟ್ಟಿದರೆ ಅಂಗಾಂಶ ಹಾಳಾಗುತ್ತೆ, ಸೂಕ್ಷ್ಮದರ್ಶಕದಲ್ಲಿ ನೋಡೋಕೆ ಏನೂ ಉಳಿಯಲ್ಲ.

ನಮ್ಮ ಕೇಳುಗರು ಹತ್ತು ಕೋಳಿಗಳ ರಕ್ತ ಮತ್ತು ಸ್ವಾಬ್ ಕಳಿಸಿದರು. ಹತ್ತಕ್ಕೆ ಹತ್ತರ ರಕ್ತದಲ್ಲೂ ಎಂಜಿ ಪ್ರತಿಕಾಯ. ಅವುಗಳಲ್ಲಿ ನಾಲ್ಕು ಪಿಸಿಆರ್‌ನಲ್ಲೂ ಪಾಸಿಟಿವ್. ಎರಡು ತಿಂಗಳಿಂದ ಒಂದೂ ಸೀನಿರಲಿಲ್ಲ, ಆದರೂ ನಾಲ್ಕರ ಬಾಯಲ್ಲಿ ರೋಗಾಣು ಇತ್ತು.

“ಆದ್ರೆ ಸರ್ಟಿಫಿಕೇಟ್ ಇತ್ತಲ್ಲ?” ಅಂತ ಅವರು ಕೇಳಿದರು. ಆ ಸರ್ಟಿಫಿಕೇಟಿನ ಫೋಟೋ ತರಿಸಿಕೊಂಡು ನೋಡಿದೆವು. ಅಮೆರಿಕದಲ್ಲಿ ನ್ಯಾಷನಲ್ ಪೌಲ್ಟ್ರಿ ಇಂಪ್ರೂವ್‌ಮೆಂಟ್ ಪ್ಲಾನ್ ಅಂತ ಒಂದು ಯೋಜನೆ 1935ರಿಂದ ಇದೆ. ಅದು ಶುರುವಾಗಿದ್ದು ಪುಲ್ಲೋರಮ್ ಅನ್ನೋ ಮರಿಗಳ ಕಾಯಿಲೆಯನ್ನ ತಡೆಯೋಕೆ. ಇವರ ಕೈಲಿದ್ದ ಕಾಗದ ಹೇಳಿದ್ದು ಪುಲ್ಲೋರಮ್ ಮತ್ತು ಫೌಲ್ ಟೈಫಾಯ್ಡ್ ಇಲ್ಲ ಅಂತ ಮಾತ್ರ. ಎಂಜಿಗೆ ಅದೇ ಯೋಜನೆಯಲ್ಲಿ ಬೇರೆ ಪರೀಕ್ಷೆ ಇದೆ, ಬೇರೆ ಸಾಲು ಇದೆ. ಆ ಸಾಲು ಖಾಲಿ ಇತ್ತು. ಮಾರಿದವರು ಸುಳ್ಳು ಹೇಳಿರಲಿಲ್ಲ, ಕೊಂಡವರು ಪೂರ್ತಿ ಓದಿರಲಿಲ್ಲ. ಸರ್ಟಿಫಿಕೇಟ್ ಇದೆಯಾ ಅಂತ ಕೇಳಿದರೆ ಸಾಲದು. ಯಾವ ಕಾಯಿಲೆಗೆ ಅಂತ ಕೇಳಬೇಕು.

ಗೋಡೆಯಿಲ್ಲದ ಜೀವಿ

ಎಂಜಿ ಬಹಳ ಸಣ್ಣ ಬ್ಯಾಕ್ಟೀರಿಯಾ. ನಮ್ಮ ಕರುಳಿನ ಇ-ಕೊಲೈಗೆ ಸುಮಾರು 46 ಲಕ್ಷ ಅಕ್ಷರಗಳ ಡಿಎನ್ಎ ಇದ್ದರೆ, ಇದಕ್ಕೆ ಇರೋದು ಹತ್ತು ಲಕ್ಷದ ಆಸುಪಾಸು. ಹೆಚ್ಚಿನ ಬ್ಯಾಕ್ಟೀರಿಯಾಗಳ ಸುತ್ತ ಇರುವ ಕೋಶಭಿತ್ತಿ ಇದಕ್ಕೆ ಇಲ್ಲವೇ ಇಲ್ಲ. ಪೆನಿಸಿಲಿನ್ ಕೆಲಸ ಮಾಡೋದೇ ಆ ಗೋಡೆಯನ್ನ ಕಟ್ಟೋಕೆ ಬಿಡದೆ. ಗೋಡೆಯೇ ಇಲ್ಲದವನ ಮುಂದೆ ಪೆನಿಸಿಲಿನ್ ಬರೀ ನೀರು.

ಗೋಡೆ ಇಲ್ಲದ್ದು ಅದಕ್ಕೆ ದೌರ್ಬಲ್ಯವೂ ಹೌದು. ಹಕ್ಕಿಯ ಮೈಯಿಂದ ಹೊರಗೆ ಬಿದ್ದರೆ ಸಾಮಾನ್ಯ ವಾತಾವರಣದಲ್ಲಿ ಅದರ ಬದುಕು ಕೆಲವೇ ದಿನ. ಬಟ್ಟೆ, ಕೂದಲು, ಪುಕ್ಕಗಳ ಮೇಲೆ ಎರಡು ಮೂರು ದಿನ. ಆದ್ದರಿಂದ ಅದು ಹೊರಗೆ ಹೋಗೋ ಗೋಜಿಗೇ ಹೋಗಲ್ಲ, ಒಳಗೇ ಇರೋದು ಕಲಿತಿದೆ. ಶ್ವಾಸನಾಳದ ಒಳಪದರಕ್ಕೆ ಅಂಟಿಕೊಳ್ಳುತ್ತೆ. ಅಲ್ಲಿನ ಸೂಕ್ಷ್ಮ ರೋಮಗಳು ಕಸ ಗುಡಿಸೋದನ್ನ ನಿಲ್ಲಿಸುತ್ತವೆ. ಅದರ ಮೇಲ್ಮೈ ಪ್ರೋಟೀನಿಗೆ ಸುಮಾರು 40 ಜೀನ್‌ಗಳ ಒಂದು ಕುಟುಂಬವಿದೆ. ಒಂದು ಸಮಯಕ್ಕೆ ಸಾಮಾನ್ಯವಾಗಿ ಒಂದನ್ನು ಬಳಸುತ್ತೆ. ಕೋಳಿಯ ರೋಗನಿರೋಧಕ ಶಕ್ತಿ ಆ ವೇಷವನ್ನ ಗುರುತು ಹಿಡಿಯೋ ಹೊತ್ತಿಗೆ ಇನ್ನೊಂದು ವೇಷ. ಯಕ್ಷಗಾನದ ಚೌಕಿಯಲ್ಲಿ ನಲವತ್ತು ಕಿರೀಟ ಇಟ್ಟುಕೊಂಡ ಹಾಗೆ.

ಔಷಧಿ ಇಲ್ಲವಾ? ಇದೆ. ಟೈಲೋಸಿನ್, ಡಾಕ್ಸಿಸೈಕ್ಲಿನ್, ಟಿಯಾಮುಲಿನ್ ಇವೆಲ್ಲ ಗೋಡೆಯನ್ನಲ್ಲ, ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸುವುದನ್ನ ತಡೆಯುತ್ತವೆ. ಸೀನು ಕಡಿಮೆಯಾಗುತ್ತೆ, ಮೊಟ್ಟೆ ಮತ್ತೆ ಬರುತ್ತೆ, ಸಾವು ತಪ್ಪುತ್ತೆ. ಆದರೆ ಗುಂಪಿನಿಂದ ಎಂಜಿಯನ್ನ ಪೂರ್ತಿ ಓಡಿಸೋಕೆ ಈ ಔಷಧಿಗಳಿಂದ ಆಗಲ್ಲ. ಚೇತರಿಸಿಕೊಂಡ ಕೋಳಿ ಹೊರಗೆ ಆರೋಗ್ಯವಾಗಿದ್ದು ಒಳಗೆ ರೋಗಾಣು ಹೊತ್ತು ತಿರುಗುತ್ತೆ. ಚಳಿ, ಪ್ರಯಾಣ, ಪುಕ್ಕ ಉದುರುವ ಕಾಲ, ಮೊಟ್ಟೆ ಶುರುವಾಗುವ ಕಾಲ, ಯಾವುದಾದರೂ ಒತ್ತಡ ಬಂದಾಗ ಮತ್ತೆ ತಲೆಯೆತ್ತುತ್ತೆ.

ಔಷಧಿ ಬಗ್ಗೆ ಇನ್ನೆರಡು ಮಾತು. ಅಮೆರಿಕದಲ್ಲಿ 2023ರ ಜೂನ್‌ನಿಂದ ಇಂಥ ಆ್ಯಂಟಿಬಯಾಟಿಕ್‌ಗಳು ಪಶುವೈದ್ಯರ ಚೀಟಿ ಇಲ್ಲದೆ ಸಿಗಲ್ಲ. ಎನ್ರೋಫ್ಲಾಕ್ಸಸಿನ್ ಎಂಬ ಔಷಧಿಯನ್ನ ಕೋಳಿಗಳಿಗೆ ಕೊಡೋದನ್ನ 2005ರಲ್ಲೇ ನಿಷೇಧಿಸಿದ್ದಾರೆ, ಮನುಷ್ಯರ ಔಷಧಿಗೆ ಬಗ್ಗದ ರೋಗಾಣುಗಳು ಹುಟ್ಟುತ್ತವೆ ಅಂತ. ಊರಿಂದ ಬ್ಯಾಗಲ್ಲಿ ತಂದ ಪೊಟ್ಟಣ ಇದ್ದರೂ ಬಳಸಬೇಡಿ. ಮತ್ತೆ ಯಾವ ಔಷಧಿ ಕೊಟ್ಟರೂ ಎಷ್ಟು ದಿನ ಆ ಮೊಟ್ಟೆ ತಿನ್ನಬಾರದು ಅನ್ನೋದನ್ನ ವೈದ್ಯರಿಂದ ಬರೆಸಿಕೊಳ್ಳಿ. ಎಂಜಿ ಮನುಷ್ಯರಿಗೆ ಕಾಯಿಲೆ ತರಲ್ಲ. ಊಟದ ಮೊಟ್ಟೆಯ ವಿಷಯದಲ್ಲಿ ಚಿಂತೆ ಏನಿದ್ದರೂ ಔಷಧಿಯದ್ದು.

ಮೊಟ್ಟೆಯೊಳಗಿನ ದಾರಿ

ಈಗ ಗಾಳಿ ಚೀಲ ಮತ್ತು ಅಂಡಾಶಯ ಅಕ್ಕಪಕ್ಕ ಇವೆ ಅಂದಿದ್ದನ್ನ ನೆನಪಿಸಿಕೊಳ್ಳಿ. ಎಂಜಿ ಆ ನೆರೆಮನೆಗೂ ಹೋಗುತ್ತೆ. ಮೊಟ್ಟೆಯ ನಾಳಕ್ಕೆ ಸೇರಿ, ಚಿಪ್ಪು ಕಟ್ಟೋ ಮುಂಚೆಯೇ ಮೊಟ್ಟೆಯೊಳಗೆ ಕೂರುತ್ತೆ. ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲಿ ಇಂಥ ಮೊಟ್ಟೆಗಳು ಹೆಚ್ಚು, ಆಮೇಲೆ ಕಡಿಮೆಯಾಗುತ್ತವೆ. ನಿಲ್ಲೋದಿಲ್ಲ.

ಹೊರಗಿನಿಂದ ಆ ಮೊಟ್ಟೆಗೂ ಒಳ್ಳೇ ಮೊಟ್ಟೆಗೂ ವ್ಯತ್ಯಾಸ ಇಲ್ಲ. ತೊಳೆದರೆ ಹೋಗಲ್ಲ, ಅದು ಒಳಗಿದೆ. ಇಪ್ಪತ್ತೊಂದನೇ ದಿನ ಇನ್ಕ್ಯುಬೇಟರಲ್ಲಿ ಮರಿ ಹೊರಬಂದಾಗ ಒಂದೇ ಒಂದು ಮರಿಗೆ ಸೋಂಕಿದ್ದರೂ ಸಾಕು, ಬೆಚ್ಚಗಿನ ಪೆಟ್ಟಿಗೆಯಲ್ಲಿ ಅದರ ಉಸಿರನ್ನೇ ಉಳಿದವೂ ಉಸಿರಾಡುತ್ತವೆ. ಅಂಚೆಯಲ್ಲಿ ಹನ್ನೆರಡು ಮೊಟ್ಟೆ ಕಳಿಸಿದವರು ಹಾಗೆ ಇನ್ನೊಂದು ಊರಿನ ಇನ್ನೊಂದು ಗೂಡಿಗೆ ರೋಗ ಕಳಿಸುತ್ತಾರೆ. ಕಳಿಸಿದ್ದು ಅವರಿಗೂ ಗೊತ್ತಿರಲ್ಲ, ಪಡೆದದ್ದು ಇವರಿಗೂ ಗೊತ್ತಿರಲ್ಲ.

ಕೇಳುಗರ ಪ್ರಶ್ನೆಗೆ ನಮ್ಮ ಉತ್ತರ ಅದು. ಇಲ್ಲ, ಕಳಿಸುವ ಹಾಗಿಲ್ಲ. ತಿನ್ನೋ ಕೋಳಿಯಾಗಿ ಗುಣವಾಗೋದು ಬೇರೆ, ತಾಯಿ ಕೋಳಿಯಾಗಿ ಗುಣವಾಗೋದು ಬೇರೆ.

ಇದು ಕೋಳಿಗೂಡಿಗಷ್ಟೇ ಸೇರಿದ ವಿಷಯವೂ ಅಲ್ಲ. 1994ರಲ್ಲಿ ವಾಷಿಂಗ್ಟನ್ ಡಿ.ಸಿ. ಸುತ್ತಮುತ್ತ ಹಿತ್ತಲಲ್ಲಿ ಕಾಳು ತಿನ್ನೋಕೆ ಬರೋ ಹೌಸ್ ಫಿಂಚ್ ಎಂಬ ಗುಬ್ಬಚ್ಚಿಯಷ್ಟು ಹಕ್ಕಿಗಳ ಕಣ್ಣು ಕೆಂಪಾಗಿ ಊದಿಕೊಳ್ಳತೊಡಗಿತು. ಕುರುಡಾಗಿ, ಹಸಿದು, ಬೆಕ್ಕಿಗೆ ಸಿಕ್ಕಿ ಸತ್ತವು. ಪರೀಕ್ಷಿಸಿದರೆ ಎಂಜಿ. ಕೋಳಿಯ ರೋಗಾಣು ಕಾಡುಹಕ್ಕಿಗೆ ದಾಟಿತ್ತು. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ಜನಸಾಮಾನ್ಯರಿಂದಲೇ ಹಿತ್ತಲ ಲೆಕ್ಕ ತರಿಸಿಕೊಂಡು ಅದರ ಹಬ್ಬುವಿಕೆಯನ್ನ ದಾಖಲಿಸಿತು. ಕೆಲವೇ ವರ್ಷದಲ್ಲಿ ಅದು ಪೂರ್ವ ಅಮೆರಿಕ ಪೂರ್ತಿ ಹಬ್ಬಿತು, ಕೋಟಿಗಟ್ಟಲೆ ಹಕ್ಕಿ ಸತ್ತವು.

2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದೇ ಹಕ್ಕಿಗಳ ಮೇಲೆ ನಡೆದದ್ದು. ಒಮ್ಮೆ ಸೋಂಕು ತಗುಲಿ ಗುಣವಾದ ಫಿಂಚ್‌ಗಳಿಗೆ ಅರೆಬರೆ ರಕ್ಷಣೆ ಸಿಗುತ್ತೆ. ಆ ಅರೆಬರೆ ರಕ್ಷಣೆಯನ್ನ ದಾಟಿ ಮತ್ತೆ ಸೋಂಕು ತರಬಲ್ಲದ್ದು ಹೆಚ್ಚು ಉಗ್ರ ತಳಿ. ಅಂದರೆ ಗುಣವಾದವರು ತುಂಬಿರುವ ಹಿಂಡಿನಲ್ಲಿ ಸೌಮ್ಯ ತಳಿ ಸೋಲುತ್ತೆ, ಉಗ್ರ ತಳಿ ಗೆಲ್ಲುತ್ತೆ. ಗುಣವಾಗೋದು ಒಂದು ಹಕ್ಕಿಗೆ ಒಳ್ಳೇದೇ. ಇಡೀ ಹಿಂಡಿಗೂ ಒಳ್ಳೇದು ಅನ್ನೋ ಹಾಗಿಲ್ಲ.

ಮೂರು ದಾರಿ

ಈಗ ಏನು ಮಾಡೋದು? ಮೂರು ದಾರಿ ಇದೆ, ಮೂರೂ ಸುಲಭ ಅಲ್ಲ.

ಮೊದಲನೇದು, ಎಲ್ಲವನ್ನೂ ತೆಗೆಯೋದು. ನೋವಾಗದ ಹಾಗೆ ಕೊಲ್ಲಿಸಿ, ಗೂಡು ಪೂರ್ತಿ ಗುಡಿಸಿ ತೊಳೆದು, ಸೋಂಕುನಿವಾರಕ ಹಾಕಿ, ಕೆಲವು ವಾರ ಖಾಲಿ ಬಿಟ್ಟು, ಪರೀಕ್ಷೆಯಾದ ಮರಿಗಳಿಂದ ಮತ್ತೆ ಶುರು ಮಾಡೋದು. ರೋಗಾಣು ಹೊರಗೆ ಹೆಚ್ಚು ದಿನ ಬದುಕದ ಕಾರಣ ಈ ದಾರಿ ಖಚಿತವಾಗಿ ಫಲ ಕೊಡುತ್ತೆ. ದೊಡ್ಡ ತಳಿ ಕಂಪನಿಗಳು ಹೆಚ್ಚಾಗಿ ಹೀಗೇ, ಪರೀಕ್ಷೆ ಮಾಡಿ ತೆಗೆದು ಹಾಕುತ್ತಲೇ, ತಮ್ಮ ಮೂಲ ಹಿಂಡುಗಳನ್ನ ಎಂಜಿಯಿಂದ ಮುಕ್ತ ಮಾಡಿಕೊಂಡಿದ್ದು. ಆದರೆ ನಾಲ್ಕು ತಲೆಮಾರಿನ ಆಯ್ಕೆ ಅಲ್ಲಿಗೆ ಮುಗಿಯಿತು.

ಎರಡನೇದು, ಬಾಗಿಲು ಮುಚ್ಚೋದು. ಇರೋ ಕೋಳಿ ಇರಲಿ, ಮೊಟ್ಟೆ ಮನೆಯವರು ತಿನ್ನಲಿ. ಒಂದು ಹಕ್ಕಿಯೂ ಒಳಗೆ ಬರಬಾರದು, ಜೀವಂತ ಹಕ್ಕಿಯಾಗಲಿ ಮರಿಮೊಟ್ಟೆಯಾಗಲಿ ಹೊರಗೆ ಹೋಗಬಾರದು. ಕೊನೆಯ ಕೋಳಿ ಮುದಿಯಾಗಿ ಹೋಗೋವರೆಗೆ ಹೀಗೇ. ಸಾಕಿದ ಪ್ರೀತಿಗೆ ಇದು ಒಪ್ಪುತ್ತೆ. ಶಿಸ್ತು ಮಾತ್ರ ವರ್ಷಗಟ್ಟಲೆ ಬೇಕು.

ಮೂರನೇದು, ತಳಿಯನ್ನ ಮೊಟ್ಟೆಯ ಮೂಲಕ ದಾಟಿಸೋದು. ಮರಿ ಮಾಡಿಸುವ ಮೊಟ್ಟೆಗಳನ್ನ 12ರಿಂದ 14 ಗಂಟೆ ಕಾಲ ನಿಧಾನವಾಗಿ ಬಿಸಿ ಮಾಡುತ್ತಾ, ಒಳಗಿನ ಉಷ್ಣತೆಯನ್ನ ಸುಮಾರು 46 ಡಿಗ್ರಿ ಸೆಲ್ಸಿಯಸ್‌ಗೆ ಏರಿಸುವ ವಿಧಾನವೊಂದು 1970ರ ಹೊತ್ತಿಗೆ ಬಂತು. ಆ ಬಿಸಿಗೆ ಮೈಕೋಪ್ಲಾಸ್ಮಾ ಸಾಯುತ್ತೆ, ಭ್ರೂಣ ಹೆಚ್ಚಾಗಿ ಉಳಿಯುತ್ತೆ. ಹೆಚ್ಚಾಗಿ ಅಂದರೆ ಎಲ್ಲವೂ ಅಲ್ಲ, ಕೆಲವು ಮೊಟ್ಟೆ ಹಾಳಾಗುತ್ತವೆ. ಒಂದೆರಡು ಡಿಗ್ರಿ ಹೆಚ್ಚಾದರೆ ಎಲ್ಲವೂ ಹೋಗುತ್ತವೆ. ಮೊಟ್ಟೆಯನ್ನ ಆ್ಯಂಟಿಬಯಾಟಿಕ್ ದ್ರಾವಣದಲ್ಲಿ ಅದ್ದುವ ವಿಧಾನವೂ ಇದೆ, ಅದಕ್ಕೆ ಪಶುವೈದ್ಯರು ಜೊತೆಗಿರಬೇಕು. ಹುಟ್ಟಿದ ಮರಿಗಳನ್ನ ಹಳೇ ಗುಂಪಿನಿಂದ ದೂರ, ಬೇರೆ ಜಾಗದಲ್ಲಿ, ಸಣ್ಣ ಸಣ್ಣ ಗುಂಪು ಮಾಡಿ ಸಾಕಬೇಕು. ಮತ್ತೆ ಮತ್ತೆ ಪರೀಕ್ಷಿಸಬೇಕು. ಒಂದು ಗುಂಪಲ್ಲಿ ಒಂದು ಪಾಸಿಟಿವ್ ಬಂದರೂ ಆ ಗುಂಪು ಪೂರ್ತಿ ಬಿಡಬೇಕು.

ಲಸಿಕೆ? ಎಂಜಿಗೆ ಲಸಿಕೆ ಇದೆ, ದೊಡ್ಡ ಮೊಟ್ಟೆ ಫಾರಂಗಳು ಬಳಸುತ್ತವೆ. ಅದು ಕಾಯಿಲೆಯ ತೀವ್ರತೆ ಕಡಿಮೆ ಮಾಡುತ್ತೆ, ಇರುವ ಸೋಂಕನ್ನ ತೆಗೆಯಲ್ಲ.

ಇನ್ನೂ ಸೀನು ಕೇಳದವರಿಗೆ

ನಿಮ್ಮ ಗೂಡು ಈಗ ಚೆನ್ನಾಗಿದ್ದರೆ, ಇದನ್ನ ಕೇಳಿ.

ಹೊಸ ಕೋಳಿ ತಂದರೆ ಕನಿಷ್ಠ 30 ದಿನ ಬೇರೆ ಇಡಿ. ಎಂಜಿ ತಲೆಯೆತ್ತೋಕೆ ಸಾಮಾನ್ಯವಾಗಿ ಆರರಿಂದ ಇಪ್ಪತ್ತೊಂದು ದಿನ ಬೇಕು. ಮೂರು ದಿನ ಇಟ್ಟರೆ ಇಡದ ಹಾಗೇ. ಬೇರೆ ಅಂದರೆ ಬೇರೆ ಶೆಡ್ಡು, ಬೇರೆ ನೀರಿನ ಪಾತ್ರೆ, ಬೇರೆ ಚಪ್ಪಲಿ. ಪ್ರತಿದಿನ ಮೊದಲು ಹಳೇ ಗುಂಪಿಗೆ ಮೇವು ಹಾಕಿ, ಆಮೇಲೆ ಹೊಸದರ ಹತ್ತಿರ ಹೋಗಿ. ಆ 30 ದಿನದ ಕೊನೆಗೆ ರಕ್ತಪರೀಕ್ಷೆ ಮಾಡಿಸಿದರೆ ಇನ್ನೂ ಒಳ್ಳೇದು, ಯಾಕಂದರೆ ಸೋಂಕು ಹೊತ್ತ ಕೋಳಿ ಆರು ತಿಂಗಳು ಸೀನದೆಯೂ ಇರಬಲ್ಲದು.

ಬೇರೆಯವರ ಗೂಡು ನೋಡಿ ಬಂದರೆ ತಲೆ ತೊಳೆದು, ಬಟ್ಟೆ ಬದಲಿಸಿ ನಿಮ್ಮ ಗೂಡಿಗೆ ಹೋಗಿ. ಕಾಡುಹಕ್ಕಿಗಳಿಗೆ ಕಾಳು ಹಾಕುವ ಪಾತ್ರೆ ಕೋಳಿಗೂಡಿನ ಪಕ್ಕ ಬೇಡ.

ಚಳಿ ದೇಶದಲ್ಲಿರೋರು ಒಂದು ತಪ್ಪು ಮಾಡ್ತೀವಿ: ಪಾಪ, ಚಳಿಯಾಗುತ್ತೆ ಅಂತ ಗೂಡಿನ ಸಂದಿಯೆಲ್ಲ ಮುಚ್ಚಿಬಿಡ್ತೀವಿ. ಹಿಕ್ಕೆಯಿಂದ ಏಳುವ ಅಮೋನಿಯಾ ಒಳಗೇ ನಿಲ್ಲುತ್ತೆ. ಅದು 25 ಪಿಪಿಎಂ ದಾಟಿದರೆ ಶ್ವಾಸನಾಳದ ರೋಮಗಳಿಗೆ ಪೆಟ್ಟು. ಬೆಳಿಗ್ಗೆ ಬಾಗಿಲು ತೆಗೆದಾಗ ನಿಮ್ಮ ಮೂಗಿಗೆ ಚುರ್ ಅಂದರೆ, ರಾತ್ರಿಯಿಡೀ ಅಲ್ಲೇ ಕೂತಿದ್ದ ಕೋಳಿಗೆ ಏನಾಗಿರಬೇಕು? ಕೋಳಿಗೆ ಪುಕ್ಕದ ಹೊದಿಕೆ ಇದೆ, ಒಣ ಚಳಿ ತಡೆಯುತ್ತೆ. ಮೇಲ್ಗಡೆ ಗಾಳಿಗೆ ಕಿಂಡಿ ಬಿಡಿ, ಕೆಳಗೆ ಹೊಟ್ಟು ಒಣಗಿರಲಿ.

ಕೊನೆಗೆ

ನಮ್ಮ ಕೇಳುಗರು ಎರಡು ದಿನ ಉತ್ತರ ಬರೆಯಲಿಲ್ಲ. ಮೂರನೇ ದಿನ ಫೋನ್ ಮಾಡಿದರು. ಮುಂಗಡ ಕೊಟ್ಟಿದ್ದ ಹನ್ನೊಂದು ಜನಕ್ಕೂ ತಾವೇ ಕರೆ ಮಾಡಿ, ಪರೀಕ್ಷೆಯ ವಿಷಯ ಹೇಳಿ, ದುಡ್ಡು ವಾಪಸ್ ಕಳಿಸಿದ್ದರು. ಕಷ್ಟವಾಗಿದ್ದು ಆ ಹನ್ನೊಂದು ಕರೆ ಅಲ್ಲ. ನವೆಂಬರಲ್ಲಿ, ಕೋಳಿಗಳು ಇನ್ನೂ ಸೀನ್ತಿದ್ದಾಗ, ಒಬ್ಬರಿಗೆ ಒಂದು ಡಜನ್ ಮೊಟ್ಟೆ ಕೊಟ್ಟಿದ್ದರು. ಅವರಿಗೂ ಹೇಳಬೇಕಿತ್ತು. ಹೇಳಿದರು. ಅವರು ಬೈದರು, ಆಮೇಲೆ ತಮ್ಮ ಕೋಳಿಗಳ ಪರೀಕ್ಷೆಗೆ ಎಲ್ಲಿ ಕಳಿಸಬೇಕು ಅಂತ ಕೇಳಿದರು.

ಹಳೇ ಗುಂಪಿಗೆ ಎರಡನೇ ದಾರಿ, ತಳಿಗೆ ಮೂರನೇ ದಾರಿ ಅಂತ ನಿರ್ಧಾರ ಮಾಡಿದರು. ಮಕ್ಕಳು ಹೆಸರಿಟ್ಟ ಚಂಪಾ, ಕಡ್ಲೆ, ದೊಡ್ಡಮ್ಮ ಎಲ್ಲರೂ ಹಿತ್ತಲಲ್ಲೇ ಇದ್ದಾರೆ, ಗೇಟಿಗೆ ಬೀಗ. ಅತ್ತೆಗೆ ವಿಷಯ ಹೇಳಿದಾಗ, “ಸರಿಯಮ್ಮ, ಇನ್ನೊಬ್ಬರ ಮನೆ ಗೂಡು ಖಾಲಿ ಮಾಡೋದು ಬ್ಯಾಡ” ಅಂದರಂತೆ.

ಪಶುವೈದ್ಯರ ಸಲಹೆ ಪಡೆದು, ಇಪ್ಪತ್ನಾಲ್ಕು ಮೊಟ್ಟೆ ಬಿಸಿ ಮಾಡಿ ಕಾವಿಗಿಟ್ಟರು. ಹನ್ನೊಂದು ಮರಿ ಬಂದವು. ಕೋಳಿ ಸಾಕದ ಗೆಳತಿಯೊಬ್ಬರ ಗ್ಯಾರೇಜಿನಲ್ಲಿ, ನಾಲ್ಕು, ನಾಲ್ಕು, ಮೂರರ ಗುಂಪು ಮಾಡಿ ಸಾಕಿದರು. ಒಂದು ಗುಂಪಲ್ಲಿ ಎಂಟನೇ ವಾರ ಪಾಸಿಟಿವ್ ಬಂತು, ಆ ನಾಲ್ಕನ್ನೂ ಬಿಡಬೇಕಾಯಿತು. ಉಳಿದ ಏಳು ಇಲ್ಲಿಯವರೆಗೆ ಮೂರು ಪರೀಕ್ಷೆಯಲ್ಲೂ ನೆಗೆಟಿವ್. ಅದರಲ್ಲಿ ಐದು ಹೇಂಟೆ, ಎರಡು ಹುಂಜ. ಹೇಂಟೆಗಳು ಮೊಟ್ಟೆ ಇಡೋಕೆ ಶುರು ಮಾಡಿದ ಮೇಲೆ, ಆ ಒತ್ತಡದ ಕಾಲದಲ್ಲಿ, ಇನ್ನೊಂದು ಪರೀಕ್ಷೆ ಬಾಕಿ ಇದೆ. ಅದು ಆಗೋವರೆಗೆ ಯಾರಿಗೂ ಒಂದು ಮೊಟ್ಟೆಯನ್ನೂ ಕೊಡಲ್ಲ ಅಂದಿದ್ದಾರೆ.

ಈ ಸಂಚಿಕೆಯ ಕೊನೆಗೆ ಅವರು ಕಳಿಸಿದ ಇನ್ನೊಂದು ಧ್ವನಿಮುದ್ರಣ ಕೇಳಿಸ್ತೀವಿ. ಹೋದ ವಾರ, ರಾತ್ರಿ ಹತ್ತು ಗಂಟೆಗೆ, ಗ್ಯಾರೇಜಿನ ಬಾಗಿಲ ಹತ್ತಿರ ಐದು ನಿಮಿಷ ನಿಂತು ಮಾಡಿದ್ದು. ನಾವು ಒಂದು ನಿಮಿಷಕ್ಕೆ ಕತ್ತರಿಸಿದ್ದೀವಿ.

[ಧ್ವನಿ: ರೆಕ್ಕೆ ಅಲುಗಿದ ಸದ್ದು. ದೂರದಲ್ಲಿ ಕಾರು. ಬೇರೇನೂ ಇಲ್ಲ.]

 ನಿಮ್ಮ ಗೂಡಿನ ಪ್ರಶ್ನೆಗಳಿದ್ದರೆ ಬರೆಯಿರಿ.